ಮೂರು ಚೀಟಿಯ ಪತಂಗ

ಚನ್ನವೀರಯ್ಯನ ಹಟ ಅಂದ್ರೆ ಹಟ. ತುಮಕೂರಿನ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವನು, ಅಲ್ಲಿನ ಗಾಜಿನ ಪೆಟ್ಟಿಗೆ ಒರೆಸುವಾಗೆಲ್ಲ ಒಂದೇ ಮಾತು ಗೊಣಗ್ತಿದ್ದ: "ಇವು ಮೂರಲ್ಲ, ಒಂದೇ ಜಾತಿ." ಪೆಟ್ಟಿಗೆಯಲ್ಲಿದ್ದದ್ದು ಅವರೆ ಹುಳದ ಪತಂಗಗಳು. ಒಂದು ಒಣಹುಲ್ಲಿನ ಬಣ್ಣ, ಒಂದು ಕಂದು, ಇನ್ನೊಂದು ಇಟ್ಟಿಗೆ ಕೆಂಪು. ಯಾರೋ ಪುಣ್ಯಾತ್ಮರು ಮೂರಕ್ಕೂ ಬೇರೆ ಬೇರೆ ಹೆಸರಿನ ಚೀಟಿ ಅಂಟಿಸಿದ್ದರು. ಮೇಷ್ಟ್ರುಗಳೆಲ್ಲ ನಕ್ಕವರೇ. ಕಸ ಗುಡಿಸೋನಿಗೆ ಕೀಟಶಾಸ್ತ್ರ ಯಾಕಂತೆ!

ಹೊಸದಾಗಿ ಬಂದ ಪಲ್ಲವಿ ಮೇಡಂ ಮಾತ್ರ ನಗಲಿಲ್ಲ. "ಒಂದೇ ತಾಯಿಯ ಮೊಟ್ಟೆಯಿಂದ ಎಲ್ಲ ಬಣ್ಣವೂ ಬಂದ್ರೆ ಚೀಟಿ ಬದಲಾಯಿಸ್ತೀನಿ," ಅಂದರು. ಅವನು ರಿಟೈರಾಗೋಕೆ ಎರಡೂವರೆ ತಿಂಗಳಷ್ಟೇ ಇತ್ತು.

ಮರಳೂರಿನ ತನ್ನ ಮನೆಯ ಟ್ಯೂಬ್‌ಲೈಟಿಗೆ ಬಂದ ಕಂದು ಹೆಣ್ಣೊಂದನ್ನು ಹಿಡಿದ. ಮೊಟ್ಟೆಯಿಟ್ಟಿತು, ಮರಿಯಾಯಿತು. ಬಟವಾಡಿ ಮಾರ್ಕೆಟ್ಟಿನಿಂದ ಎಳೇ ಅವರೆಕಾಯಿ ತಂದು ಸುರಿದ. ಮೂರೇ ದಿನಕ್ಕೆ ಎಲ್ಲ ಸತ್ತು ಬಿದ್ದವು. ಕಾಯಿಗೆ ಔಷಧಿ ಹೊಡೆದಿದ್ದರು, ಅದೂ ಇದೇ ಹುಳ ಕೊಲ್ಲೋಕೆ! "ಥೂ, ನನ್ ಬುದ್ಧಿಗಿಷ್ಟು!" ಅಂತ ಹಣೆ ಚಚ್ಚಿಕೊಂಡ. ಅಳುವೇ ಬಂತು ಅವನಿಗೆ.

ಮಾರನೇ ದಿನವೇ ನಿಟ್ಟೂರಿಗೆ ಹೋದ. ಅಲ್ಲಿ ತಂಗಿ ರೇವಮ್ಮ ಹಿತ್ತಲಲ್ಲಿ ಮನೆಮಟ್ಟಿಗೆ ಅವರೆ ಹಾಕಿದ್ದಳು, ಔಷಧಿ ಸೋಕದ್ದು.

"ಊರೆಲ್ಲ ಹುಳ ಸಾಯ್ಲಿ ಅಂತ ಹರಕೆ ಹೊರ್ತೈತೆ, ನೀನು ಸಾಕ್ತೀಯೇನಣ್ಣ!" ಅಂತ ಬೈಕೊಂಡೇ ಚೀಲ ತುಂಬಿಸಿದಳು.

ಮತ್ತೊಂದು ಕಂದು ಹೆಣ್ಣು ಸಿಕ್ಕಿತು, ಮೊಟ್ಟೆಯಿಟ್ಟಿತು. ಮರಿಗಳು ಒಟ್ಟಿಗಿದ್ದರೆ ಒಂದನ್ನೊಂದು ತಿಂದುಹಾಕುತ್ತವೆ ಅಂತ ನಲವತ್ತು ಐಸ್‌ಕ್ರೀಂ ಕಪ್ಪಿನಲ್ಲಿ ಒಂದೊಂದನ್ನೇ ಇಟ್ಟ. ಕಾಯಿಗಾಗಿ ವಾರಕ್ಕೆರಡು ಸಲ ನಿಟ್ಟೂರಿಗೆ ಓಡಿದ.

ರಿಟೈರಾಗುವ ದಿನ ಕಪ್ಪುಗಳನ್ನು ಮೇಡಂ ಮೇಜಿನ ಮೇಲೆ ಸಾಲಾಗಿಟ್ಟ. ಕಂದು ಪತಂಗ, ಹುಲ್ಲಿನ ಬಣ್ಣದ್ದು, ಮತ್ತೆ ಕಂದು. ಎಲ್ಲ ಒಬ್ಬಳೇ ತಾಯಿಯ ಮಕ್ಕಳು. ಪಲ್ಲವಿ ಕುಣಿದಾಡೋದೊಂದೇ ಬಾಕಿ.

"ಗೆದ್ರಿ ಚನ್ನವೀರಯ್ಯನವರೇ! ಎರಡು ಬಣ್ಣ ಬಂದ ಮೇಲೆ ಇನ್ನೇನು, ಮೂರೂ ಚೀಟಿ ಕಿತ್ತು ಒಂದೇ ಹೆಸರು ಬರೀತೀನಿ. ಕೆಳಗೆ ನಿಮ್ಮ ಹೆಸರೂ ಇರುತ್ತೆ."

ಮೂವತ್ತು ವರ್ಷ ಅವನು ಕಾದಿದ್ದ ಮಾತದು. ಆದರೂ ಕಣ್ಣು ಪೆಟ್ಟಿಗೆಯ ಕೆಂಪು ಪತಂಗದ ಮೇಲೇ ನಿಂತಿತ್ತು.

"ಎರಡು ಚೀಟಿ ಕೀಳಿ ಮೇಡಂ. ಕೆಂಪಿಂದು ಹಂಗೇ ಬುಡಿ. ಅಂಥದ್ದು ಒಂದೂ ಹುಟ್ಲಿಲ್ಲ."

"ಅದೂ ಇದೇ ಜಾತಿ ಅಂತ ನಿಮಗೆ ಗೊತ್ತಲ್ಲ?"

"ಗೊತ್ತು. ಆದ್ರೆ ಕಣ್ಣಲ್ಲಿ ಕಂಡಿಲ್ಲ," ಅಂದ ಚನ್ನವೀರಯ್ಯ. "ಈ ಚೀಟಿ ಅಂಟಿಸಿದ್ರಲ್ಲ, ಅವರೂ ಗೊತ್ತು ಅಂತಲೇ ಅಂಟಿಸಿದ್ದು."