ಚಾತುರ್ಮಾಸದಲ್ಲಿ ತಪಸಿ ತೊಗಟೆ

ನಮ್ಮ ಹಿತ್ತಲಿನ ತಪಸಿ ಗಿಡಕ್ಕೆ ನನ್ನ ತವರಿನ ಮರಾಠಿಯಲ್ಲಿ ವಾವಳ ಎನ್ನುತ್ತಾರೆ. ಎಲೆ ಹಿಸುಕಿದರೆ ಕೆಟ್ಟ ನಾತ. ಬೂದು ತೊಗಟೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಬೇಸಿಗೆಯಲ್ಲಿ ದುಂಡನೆಯ ತೆಳ್ಳನೆಯ ಕಾಯಿಗಳು, ನಡುವೆ ಒಂದೇ ಬೀಜ, ಗಾಳಿಗೆ ಹಾರಿ ಅಂಗಳ ತುಂಬುತ್ತವೆ. ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ನಮ್ಮತ್ತೆ ಜಿನ್ನವ್ವ ಮಾತ್ರ ಅದಕ್ಕೆ ಕೈಮುಗಿಯುತ್ತಿದ್ದರು.

ಅತ್ತೆ ಮೊಣಕಾಲಿನ ಊತಕ್ಕೆ ಔಷಧ ಕೊಡುತ್ತಿದ್ದರು. ತಪಸಿ ತೊಗಟೆ ಕುದಿಸಿ, ಹಿಂಡಿ, ಅಂಟಾದ ರಸವನ್ನು ಹಚ್ಚಿ, ಉಳಿದ ಸಿಪ್ಪೆಯನ್ನು ಒಣಗಿಸಿ ಪುಡಿ ಮಾಡಿ ಅದರ ಮೇಲೆ ಉದುರಿಸುವುದು. ಒಂದು ಸಲಕ್ಕೆ ಅಂಗೈಯಗಲದ ಒಂದೇ ಪಟ್ಟಿ ತೊಗಟೆ. ಆ ಗಾಯ ಮಾಯುವ ತನಕ ಇನ್ನೊಂದಿಲ್ಲ. ಸುತ್ತಲೂ ಸುಲಿದರೆ ಗಿಡ ಸಾಯುತ್ತದೆ ಎಂದು ನಾನು ಸೊಸೆಯಾಗಿ ಬಂದ ವರ್ಷವೇ ಹೇಳಿಕೊಟ್ಟಿದ್ದರು.

ಮೂವತ್ತೆಂಟನೆಯ ಇಸವಿಯಲ್ಲಿ ಅತ್ತೆ ನಮ್ಮ ಜೈನರ ಚಾತುರ್ಮಾಸದ ವ್ರತ ಹಿಡಿದರು. ಮಳೆಗಾಲದ ನಾಲ್ಕು ತಿಂಗಳು ಹಸಿಗಿಡ ಕಡಿಯುವಂತಿಲ್ಲ, ಕಡಿಸುವಂತಿಲ್ಲ, ಕಡಿಯುವವರಿಗೆ ಹೂಂ ಎನ್ನುವಂತಿಲ್ಲ. ಹೀಗೆ ಕಡಿ ಎಂದು ದಾರಿ ತೋರಿಸುವುದೂ ಪಾಪವೇ.

ಶ್ರಾವಣದಲ್ಲಿ ಕಾಶೆವ್ವ ಗಂಡ ದುಂಡಪ್ಪನ ಹೆಗಲು ಹಿಡಿದು ಬಂದಳು. ನಿಡಸೋಸಿ ಮಠದ ದಾಸೋಹಕ್ಕೆ ರೊಟ್ಟಿ ಬಡಿಯುವವಳು. ಎರಡೂ ಮೊಣಕಾಲು ಊದಿದ್ದವು.

"ಆಯಿ, ಕುಂತ್ರ ಏಳಾಕ ಬರೂದಿಲ್ಲ, ಎದ್ರ ಕುಂಡ್ರಾಕ ಬರೂದಿಲ್ಲ. ಒಲಿ ಮುಂದ ಕುಂಡ್ರಲಾರದಾಕಿಗೆ ಮಠದಾಗ ಏನ್ ಕೆಲಸ ಐತ್ರಿ?"

ಅತ್ತೆಯ ಕಣ್ಣು ತುಂಬಿತು. ಆದರೂ ಜಪಸರ ಹಿಡಿದು ಗೋಡೆಯ ಕಡೆ ತಿರುಗಿ ಕೂತರು.

"ನೀವೇನೂ ಅನಬ್ಯಾಡ್ರಿ ಆಯಿ," ಎಂದ ದುಂಡಪ್ಪ. "ನಿಮ್ಮ ವರ್ತ ನಿಮಗಿರ್ಲಿ. ಗಿಡ ನಾ ನೋಡೇನಿ."

ಕೊಡಲಿ ಹಿಡಿದು ಹಿತ್ತಲಿಗೆ ಹೋದ. ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಅವತ್ತು ಬೆಳಿಗ್ಗೆಯಿಂದ ಇವರು ನಾಲ್ಕನೆಯವರು. ಬಂದವರಿಗೆಲ್ಲ ನೀರು ಕೊಟ್ಟು, ಮಾತಾಡಿಸಿ, ನನ್ನ ತಲೆ ಕೆಟ್ಟಿತ್ತು. ಹಿತ್ತಲ ಬಾಗಿಲಿನಿಂದ ಅವನು ಕಾಣುತ್ತಿದ್ದ. ಒಂದು ಪಟ್ಟಿ ತೆಗೆದ, ಬಾಜೂಕ್ಕೆ ಇನ್ನೊಂದು, ಮತ್ತೊಂದು. ನಾಲ್ಕು ತಿಂಗಳಿಗೆ ಸಾಲುವಷ್ಟು ಒಮ್ಮೆಲೇ ಒಯ್ದರೆ ಆಯಿಗೆ ಮತ್ತೆ ತೊಂದರೆ ಇಲ್ಲ ಎಂಬುದು ಅವನ ಲೆಕ್ಕ. ಒಳ್ಳೆಯ ಮನುಷ್ಯ. ಕೊಡಲಿಯ ಸಪ್ಪಳ ನಿಲ್ಲಲೇ ಇಲ್ಲ. ಅತ್ತೆಯ ಬೆರಳಲ್ಲಿ ಜಪದ ಮಣಿ ನಿಂತುಬಿಟ್ಟಿತು. ನಾನು ಜೋಳದಲ್ಲಿ ಹರಳು ಹುಡುಕುತ್ತಿದ್ದೆ.

ಔಷಧವೇನೋ ಹತ್ತಿತು. ದೀಪಾವಳಿಗೆ ಕಾಶೆವ್ವ ಯಾರ ಹೆಗಲೂ ಹಿಡಿಯದೆ ಬಂದು ಅತ್ತೆಯ ಕಾಲು ಮುಟ್ಟಿ ಹೋದಳು. ಬೇಸಿಗೆಯಲ್ಲಿ ಗಿಡ ಎಲೆ ಉದುರಿಸಿತು, ಆದರೆ ಮತ್ತೆ ಚಿಗುರಲಿಲ್ಲ. "ಒಂದ್ ಪಟ್ಟಿ ಪಾಪ ತಪ್ಪಿಸಾಕ ಹೋಗಿ ಇಡೀ ಗಿಡಾನ ಕೊಂದ್ನಲ್ಲವ್ವಾ," ಎಂದು ಅತ್ತೆ ಒಪ್ಪತ್ತು ಊಟ ಬಿಟ್ಟರು.

ಮುಂದಿನ ಶ್ರಾವಣದಲ್ಲಿ ಮೊಣಕಾಲು ಮತ್ತೆ ಊದಿಸಿಕೊಂಡು ಕಾಶೆವ್ವ ಬಂದಳು. ಮಠದ ಒಲೆಯ ಮುಂದೆ ಆಗಲೇ ಬೇರೆಯವಳು ಕೂತಿದ್ದಳು. ಇನ್ನೊಂದು ತಪಸಿ ಬೇಕಾದರೆ ಗೋಕಾಕದ ಗುಡ್ಡಕ್ಕೇ ಹೋಗಬೇಕು. ದುಂಡಪ್ಪ ಒಣಗಿದ ಗಿಡದ ಬುಡಕ್ಕೆ ಹೋಗಿ ಸುತ್ತಲೂ ಕೈಯಾಡಿಸಿದ.

"ಹಿಂಗ ಸುಲೀಬಾರದು ಅಂತ ನನಗ ತಿಳೀಲಿಲ್ಲಲ್ಲರಿ," ಎಂದು ಅತ್ತುಬಿಟ್ಟ.

ಕಾಶೆವ್ವ ನನ್ನ ಕಡೆ ನೋಡಿದಳು. "ವೈನಿ, ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಹಂಗಾರ ನೀವೂ ವರ್ತ ಹಿಡಿದಿದ್ರೇನ್ರಿ?"

ಅತ್ತೆಯೂ ನನ್ನನ್ನೇ ನೋಡುತ್ತಿದ್ದರು.

"ಇಲ್ಲ ಕಾಶೆವ್ವ," ಎಂದೆ. "ನನಗ ಯಾವ ವರ್ತಾನೂ ಇರಲಿಲ್ಲ."