ತಿಮ್ಮಮ್ಮನ ಹೆಸರಿನ ಡ್ರೋನು

ಅರ್ಜಿ, ಅಪ್ಪಣೆ, ಸಹಿ, ಸೀಲು ಎಂದರೆ ನನಗೆ ಮೈಯೆಲ್ಲ ಉರಿ. ಹುಣಸೂರಿನಲ್ಲಿ ಸ್ಟುಡಿಯೋ ಇಟ್ಟು ಹನ್ನೊಂದು ವರ್ಷವಾಯಿತು. ಮದುವೆ ಮನೆ ಮೇಲೆ ಡ್ರೋನು ಎಬ್ಬಿಸುವಾಗ ಊರ ಯಜಮಾನರಿಗೊಂದು ನಮಸ್ಕಾರ ಹೊಡೆದರೆ ನನ್ನ ಪಾಲಿಗೆ ಕಾನೂನು ಮುಗಿದಂತೆ. ಅಂಥ ನಾನು ಶ್ರೀಲಂಕಾಕ್ಕೆ ಡ್ರೋನು ಒಯ್ಯಲು ನಾಲ್ಕು ತಿಂಗಳು ಕೂತು ಅರ್ಜಿ ಬರೆದೆ. ದೊಡ್ಡಮ್ಮನಿಗಾಗಿ ಬರೆದೆ.

ದೊಡ್ಡಮ್ಮ ಎಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ, ತಿಮ್ಮಮ್ಮ. ದೊಡ್ಡಪ್ಪ ಸಿದ್ದಯ್ಯ ಮಿಲಿಟರಿಯಲ್ಲಿದ್ದವರು. ಮದುವೆಯಾಗಿ ಒಂದೂವರೆ ವರ್ಷಕ್ಕೆ, ಎಂಬತ್ತೇಳರಲ್ಲಿ, ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದ ಜಾಫ್ನಾಕ್ಕೆ ಹೋದರು, ಅಲ್ಲೇ ತೀರಿಕೊಂಡರು. ಹೆಣ ಬರಲಿಲ್ಲ, ಒಂದು ಟ್ರಂಕು ಬಂತು. ಆಮೇಲೆ ಆಕೆ ತವರಿಗೂ ಹೋಗದೆ ಗಾವಡಗೆರೆ ಪಕ್ಕದ ನಮ್ಮ ಹಳ್ಳಿಯಲ್ಲೇ ಉಳಿದು, ತಾಯಿಯಿಲ್ಲದ ನನ್ನನ್ನು ಸಾಕಿ, ಹೊಗೆಸೊಪ್ಪಿನ ಹೊಲದಲ್ಲಿ ಮೊಣಕಾಲು ಸವೆಸಿದಳು.

ಆ ಪಡೆಯಲ್ಲಿ ದೊಡ್ಡಪ್ಪನ ಜೊತೆಗಿದ್ದ ಕೋಟೆ ಕಡೆಯ ಸಣ್ಣಬೀರಯ್ಯನವರು ಹೋದ ವರ್ಷ ಹುಷಾರಿಲ್ಲದೆ ಮಲಗಿದ್ದಾಗ ನಾವು ನೋಡಲು ಹೋಗಿದ್ದೆವು. ಇಷ್ಟು ವರ್ಷ ಬಾಯಿ ಬಿಡದವರು ಅವತ್ತು ಒಂದು ಹಾಳೆ ತರಿಸಿ ಗೆರೆ ಎಳೆದು ತೋರಿಸಿದರು: ಊರಿನ ಹೆಸರು, ಶಾಲೆ, ಅದರ ಹಿಂದೆ ಪಿಳ್ಳೆಯಾರ್ ಗುಡಿ, ಅಂದರೆ ಗಣಪತಿ ಗುಡಿ, ಗುಡಿಯ ಬಡಗಲಿಗೆ ಹೊಲದ ನಡುವೆ ಕಲ್ಲುಕಟ್ಟಿನ ಬಾವಿ. "ಆ ಬಾವಿ ತಾವೇ ಕಣವ್ವ ಸಿದ್ದಯ್ಯ ಬಿದ್ದದ್ದು. ನಮ್ಮನ್ನ ಅತ್ತಗೆ ಓಡುಸ್ಬುಟ್ರು. ನಾನ್ ತಿರುಗಿ ನೋಡಕಾಗ್ನಿಲ್ಲ," ಎಂದು ಅತ್ತರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ದೊಡ್ಡಮ್ಮ ಕಿಟಕಿಯ ಕಡೆ ತಿರುಗಿ ಹೇಳಿದಳು: "ಶಶಿ, ಆ ಜಾಗ ಒಂದ್ಸಲ ನೋಡ್ಬೇಕು ಕಣ್ಲಾ. ಆದ್ರೆ ಅಲ್ಲಿಯೋರ ಮುಖ ನೋಡಕೆ ನಂಗೆ ಧೈರ್ಯ ಇಲ್ಲ. ಬಂದೂಕ ಹಿಡ್ಕಂಡು ಹೋದೋರ ಮನೇಳು ನಾನು. ಅವ್ರಿಗೆ ಏನೇನಾಗದೋ. ನಿನ್ ಮಿಶಿನ್ನು ಮ್ಯಾಲಿಂದ ತೋರ್ಸ್ತದಲ್ಲ, ದೂರದಲ್ಲಿ ಕುಂತ್ಕಂಡು ನೋಡ್ಕಂಡ್ ಬಂದ್ಬುಡಾನ."

ಇಪ್ಪತ್ತು ನಿಮಿಷದ ಕೆಲಸ ಎಂದುಕೊಂಡೆ. ಆಮೇಲೆ ಶುರುವಾಯಿತು ನೋಡಿ. ಆ ದೇಶದ ವಿಮಾನಯಾನ ಕಚೇರಿಗೆ ಮೊದಲೇ ಅರ್ಜಿ ಹಾಕಬೇಕು, ಅವರ ರಕ್ಷಣಾ ಇಲಾಖೆ ಒಪ್ಪಬೇಕು, ವಿಮೆ ಇರಬೇಕು, ಹಾರಿಸುವ ಜಾಗ ನಕ್ಷೆಯಲ್ಲಿ ಗುರುತಿಸಬೇಕು. ಬ್ಯಾಟರಿಗಳು ಕೈಚೀಲದಲ್ಲೇ ಬರಬೇಕು. ಇಲ್ಲಿಂದ ಹೊರಡುವಾಗ ನಮ್ಮ ಕಸ್ಟಮ್ಸ್‌ನವರಿಂದ ಚೀಟಿ ಬರೆಸಿಕೊಳ್ಳದಿದ್ದರೆ ವಾಪಸ್ಸು ತರುವಾಗ ನಮ್ಮ ಡ್ರೋನೇ ನಮ್ಮದಲ್ಲ ಅಂದಾರು. ಇಷ್ಟರ ಮೇಲೆ ಇನ್ನೊಂದು ಫಜೀತಿ ನಾವೇ ಮಾಡಿಟ್ಟುಕೊಂಡಿದ್ದೆವು.

ನಮ್ಮ ಮನೆಯಲ್ಲಿ ಯಾವ ಯಂತ್ರ ಬಂದರೂ ದೊಡ್ಡಮ್ಮನ ಹೆಸರಿಗೇ ಮಾಡಿಸುವುದು ವಾಡಿಕೆ. ಮೊದಲ ಟ್ರ್ಯಾಕ್ಟರ್ ತರುವಾಗ ಊರವರು "ಗಂಡ ಸತ್ತೋಳ ಹೆಸರಿಗಾ?" ಎಂದು ಮೂಗು ಮುರಿದರಂತೆ. ಅಪ್ಪ ಹಟಕ್ಕೆ ಬಿದ್ದು ಅತ್ತಿಗೆಯ ಹೆಸರಿಗೇ ಬರೆಸಿದ. ಆ ಟ್ರ್ಯಾಕ್ಟರ್ ಹದಿನಾರು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಅಲ್ಲಿಂದ ಪಂಪ್‌ಸೆಟ್ಟು, ಪವರ್ ಟಿಲ್ಲರು, ಕೊನೆಗೆ ನನ್ನ ಡ್ರೋನಿನ ಬಿಲ್ಲು, ನೋಂದಣಿ ನಂಬರು, ಎಲ್ಲ ತಿಮ್ಮಮ್ಮ, ಗಂಡ ಲೇಟ್ ಸಿದ್ದಯ್ಯ! ಹೀಗಾಗಿ ಅರ್ಜಿದಾರಳೂ ಅವಳೇ ಆಗಬೇಕಾಯಿತು, ನಾನು ಬರೀ ಹಾರಿಸುವವನು.

ಕೊಲಂಬೋದ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಕಾಗದ ತಿರುವಿ "ಯಾರು ತಿಮ್ಮಮ್ಮ?" ಎಂದು ಕೇಳಿದಾಗ ದೊಡ್ಡಮ್ಮ ಶಾಲೆಯ ಮಕ್ಕಳಂತೆ ಕೈ ಎತ್ತಿದಳು. ಆತ ಅವಳ ಹವಾಯಿ ಚಪ್ಪಲಿ ನೋಡಿದ, ಡ್ರೋನು ನೋಡಿದ, ನಕ್ಕ. ಆಮೇಲೆ ಅಪ್ಪಣೆ ಪತ್ರದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದ: ಯಾರ ಜಮೀನಿನ ಮೇಲೆ ಹಾರಿಸುತ್ತೀರೋ ಅವರ ಒಪ್ಪಿಗೆಯನ್ನು ಅರ್ಜಿದಾರರೇ ಖುದ್ದಾಗಿ ಹೋಗಿ ಬರೆಸಿಕೊಳ್ಳಬೇಕು. ನಾನು ಆ ಸಾಲನ್ನು ಓದಿಯೇ ಇರಲಿಲ್ಲ.

ದೊಡ್ಡಮ್ಮನಿಗೆ ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. "ನಾನೇ ಓಗಿ ಕೇಳ್ಬೇಕಾ? ಬ್ಯಾಡ ಬುಡು, ವಾಪಸ್ ಓಗಾನ," ಎಂದಳು. ಇಷ್ಟು ದೂರ ಬಂದು ತಿರುಗುವುದೇ ಎಂದು ಒತ್ತಾಯ ಮಾಡಿ ರೈಲು ಹತ್ತಿಸಿದೆ. ರಾತ್ರಿ ಉತ್ತರಕ್ಕೆ ಹೋಗುವಷ್ಟು ಹೊತ್ತೂ ಆ ಅಧಿಕಾರಿಯನ್ನು, ಆ ಸಾಲು ಬರೆದವನನ್ನು ಮನಸಾರೆ ಬೈದೆ.

ಮರುದಿನ ಆಟೋದಲ್ಲಿ ಆ ಊರು ತಲುಪಿದೆವು. ಶಾಲೆ ಸಿಕ್ಕಿತು, ಪಿಳ್ಳೆಯಾರ್ ಗುಡಿ ಸಿಕ್ಕಿತು. ಗುಡಿ ದಾಟಿದ್ದೇ ದೊಡ್ಡಮ್ಮ ಆಟೋ ನಿಲ್ಲಿಸಲು ಹೇಳಿದಳು. ಬೇಲಿಯಾಚೆ ಎದೆಮಟ್ಟ ಬೆಳೆದ ಗಿಡ, ಅಗಲ ಎಲೆ, ತುದಿಯಲ್ಲಿ ಆಗತಾನೆ ಮೊಗ್ಗು. "ಅಯ್ಯೋ, ಒಗೆಸೊಪ್ಪು ಕಣ್ಲಾ!" ಎಂದಳು. ಅಷ್ಟು ದೂರ ಬಂದರೆ ಅಲ್ಲೂ ನಮ್ಮೂರ ಬೆಳೆ.

ಹೊಲದ ಒಡತಿ ಎಪ್ಪತ್ತು ದಾಟಿದ ಹೆಂಗಸು, ಬಗ್ಗಿ ಪಕ್ಕದ ಕುಡಿ ಮುರಿಯುತ್ತಿದ್ದಳು. ಈರೋಡಿನ ಸ್ಟುಡಿಯೋದಲ್ಲಿ ಮೂರು ವರ್ಷ ಕೆಲಸ ಕಲಿತದ್ದರಿಂದ ನನಗೆ ತಮಿಳು ಬರುತ್ತದೆ. ಬೇಲಿಯ ಹೊರಗೇ ನಿಂತು, ಸುಳ್ಳು ಸೇರಿಸದೆ, ಯಾರು, ಯಾಕೆ ಬಂದೆವು ಎಲ್ಲ ಹೇಳಿ ಕಾಗದ ಚಾಚಿದೆ. ದೊಡ್ಡಮ್ಮ ತಲೆ ತಗ್ಗಿಸಿ ಕೈ ಮುಗಿದು ನಿಂತಿದ್ದಳು.

ಒಡತಿ ಕಾಗದ ಮುಟ್ಟಲಿಲ್ಲ. ನನ್ನ ಹೆಗಲ ಮೇಲಿನ ಪೆಟ್ಟಿಗೆ ನೋಡಿ, "ಅದು ಹಾರುವಾಗ ಸದ್ದು ಬರುತ್ತಾ?" ಎಂದು ಕೇಳಿದಳು. ಬರುತ್ತೆ ಎಂದೆ.

"ಬೇಡ. ಆಕಾಶದ ಸದ್ದು ಕೇಳಿ ಕೇಳಿ ಸಾಕಾಗಿದೆ. ಈ ಹೊಲದ ಮೇಲೆ ಇನ್ನೊಂದು ಬೇಡ."

ಮುಗಿಯಿತು ಎಂದುಕೊಂಡೆ. ದೊಡ್ಡಮ್ಮನಿಗೆ ತಮಿಳು ತಿಳಿಯದಿದ್ದರೂ ಒಡತಿ ತಲೆ ಅಲ್ಲಾಡಿಸಿದ್ದು ತಿಳಿಯಿತು. "ಅವ್ರು ಯೋಳೋದು ಸರಿ ಅದೆ, ನಡಿಯಪ್ಪ," ಎಂದು ತಿರುಗಿದಳು.

ಅಷ್ಟರಲ್ಲಿ ಒಡತಿ ಬೇಲಿಯ ತಡಿಕೆ ಪಕ್ಕಕ್ಕೆ ಎಳೆದಳು. "ಮೇಲಿಂದ ಬೇಡ ಅಂದೆ. ಕಾಲಲ್ಲಿ ನಡೆದು ಬರಬೇಡ ಅಂದೆನಾ? ಅವಳನ್ನು ಕರೆದುಕೊಂಡು ಬಾ."

ಸಾಲುಗಳ ನಡುವೆ ಇಬ್ಬರೂ ನಿಧಾನವಾಗಿ ನಡೆದರು. ಮೊಣಕಾಲು ಸೋತಲ್ಲಿ ಒಡತಿ ದೊಡ್ಡಮ್ಮನ ರಟ್ಟೆ ಹಿಡಿದಳು. ಎಲೆ ಬಲಿಯಲೆಂದು ಊರ ಹೊಲದಲ್ಲಿ ಮುರಿಯುವಂತೆಯೇ, ದಾರಿಯಲ್ಲಿ ದೊಡ್ಡಮ್ಮನ ಕೈ ತಾನಾಗಿಯೇ ಒಂದು ಗಿಡದ ಮೊಗ್ಗು ಮುರಿಯಿತು. ತಪ್ಪಾಯಿತೇನೋ ಎಂದು ಹೆದರಿ ನೋಡಿದಳು. ಒಡತಿ ಮುಂದಿನ ಗಿಡವನ್ನೂ ತೋರಿಸಿದಳು. ಬಾವಿ ಮುಟ್ಟುವ ಹೊತ್ತಿಗೆ ಆ ಸಾಲಿನ ಮೊಗ್ಗೆಲ್ಲ ಇಬ್ಬರೂ ಸೇರಿ ಮುರಿದಾಗಿತ್ತು.

ಬಾವಿಯ ಕಲ್ಲುಕಟ್ಟಿನ ಮೇಲೆ ದೊಡ್ಡಮ್ಮ ಕೂತಳು. ನೆಲ ಮುಟ್ಟಿದಳು. ಅಳಲಿಲ್ಲ. ಒಡತಿ ಎದುರು ನಿಂತು ನನ್ನ ಕಡೆ ನೋಡದೆ ಹೇಳತೊಡಗಿದಳು, ನಾನು ಕನ್ನಡಕ್ಕೆ ಹೇಳುತ್ತ ಹೋದೆ. ಸಿಪಾಯಿಗಳು ಊರಿಗೆ ನುಗ್ಗಿದ ಆ ವಾರ ಅವಳ ಗಂಡನೂ ತೀರಿಹೋಗಿದ್ದ, ಅಕ್ಕಿ ತರಲು ಸೊಸೈಟಿಗೆಂದು ಹೋದವನು ರಸ್ತೆಯಲ್ಲೇ ಗುಂಡು ತಗಲಿ. ಎರಡು ದಿನದ ಮೇಲೆ ಈ ಬಾವಿಯ ಹತ್ತಿರ ಒಬ್ಬ ಸಿಪಾಯಿ ಬಿದ್ದಿದ್ದ. ಅವಳು ಕೂಸು ಎತ್ತಿಕೊಂಡು ಗುಡಿಸಲಲ್ಲಿ ಅಡಗಿದ್ದಳು. ಅವನು ಯಾವುದೋ ಭಾಷೆಯಲ್ಲಿ ಕೂಗುತ್ತ ಕೈಯನ್ನು ಬಾಯಿಗೆ ಹಿಡಿಯುತ್ತಿದ್ದ. ನೀರು ಕೇಳುತ್ತಿದ್ದಾನೆಂದು ತಿಳಿಯಿತು.

"ನಾನು ಕೊಡಲಿಲ್ಲ," ಎಂದಳು. "ಭಯವೂ ಇತ್ತು. ಸಿಟ್ಟೂ ಇತ್ತು. ಸಂಜೆಗೆ ಕೂಗು ನಿಂತಿತು."

ಆ ಸಿಪಾಯಿ ನಮ್ಮ ದೊಡ್ಡಪ್ಪನೇ ಎಂದು ಹೇಳುವವರು ಯಾರೂ ಇಲ್ಲ. ನಾನು ಆ ಕೊನೆಯ ಮಾತನ್ನು ಕನ್ನಡಕ್ಕೆ ಹೇಳದೆ ನುಂಗಿಬಿಡಬೇಕೆಂದಿದ್ದೆ. ದೊಡ್ಡಮ್ಮ ನನ್ನ ಮೊಣಕೈ ಹಿಡಿದು "ಎಲ್ಲ ಯೋಳ್ಲಾ" ಎಂದಳು. ಹೇಳಿದೆ.

ನೂರು ಮೀಟರ್ ಮೇಲಿನಿಂದ ನಾನು ಈ ಬಾವಿಯನ್ನು ಎಷ್ಟು ಚೆನ್ನಾಗಿ ತೆಗೆದುಕೊಡುತ್ತಿದ್ದೆನೋ, ಅಷ್ಟೇ ಚೆನ್ನಾಗಿ ಏನೂ ತಿಳಿಯದೆ ಊರಿಗೆ ಹೋಗುತ್ತಿದ್ದೆವು. ಬೈದ ಬಾಯಲ್ಲೇ ಆ ಸಾಲು ಬರೆದ ಪುಣ್ಯಾತ್ಮನನ್ನು ನೆನೆದೆ. ಅಪ್ಪನ ಹಟವನ್ನೂ ನೆನೆದೆ.

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಸ್ನ ಎತ್ಕಂಡು ಇನ್ನೇನ್ ಮಾಡಾಳು, ಪಾಪ," ಎಂದು ನನಗೆ ಹೇಳಿ, ಒಡತಿಯ ಕಡೆ ತಿರುಗಿ ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದಳು.

ಒಡತಿ ಒಂದು ಗಳಿಗೆ ನಿಂತಲ್ಲೇ ನಿಂತಳು. ಆಮೇಲೆ ಬಾವಿಗೆ ಬಕೆಟ್ಟು ಇಳಿಸಿ, ನಾನು ಮುಂದೆ ಬಂದರೆ ತಳ್ಳಿ, ತಾನೇ ಸೇದಿ ಚೊಂಬಿಗೆ ತುಂಬಿಸಿ ಕೊಟ್ಟಳು. ದೊಡ್ಡಮ್ಮ ಒಂದೇ ಉಸಿರಿಗೆ ಕುಡಿದಳು.

"ಇದು ನಂಗಾಯ್ತು," ಎಂದು ಚೊಂಬು ಮತ್ತೆ ಚಾಚಿದಳು. "ಇನ್ನೊಂದ್ ಕೊಡವ್ವ, ಅವ್ರ ಪಾಲ್ದೂ ಕುಡೀತೀನಿ."