ಮಣಿಪರ್ಸಿನ ಕಂದು ದಾರ

ಹರಾಜು ಮಳಿಗೆಯ ಹಿಂದಿನ ಕೋಣೆಯಲ್ಲಿ ಕೂತು ಹಳೆಯ ಕಸೂತಿಗೂ ಮಣಿಕೆಲಸಕ್ಕೂ ಬೆಲೆ ಕಟ್ಟುವುದು ಅವಳ ಕೆಲಸ. ಕಣ್ಣಿನಷ್ಟೇ ನಾಲಿಗೆಯೂ ಮೊನಚೆಂದು ಮಳಿಗೆಯವರೆಲ್ಲ ಅವಳನ್ನು ಸೂಜಿಯಮ್ಮ ಎನ್ನುತ್ತಿದ್ದರು. ಗಿರಾಕಿಗಳ ಮುಖ ಅವಳು ನೋಡುತ್ತಿದ್ದುದು ಅಪರೂಪ. ಮಾತುಕತೆಯೆಲ್ಲ ಮುಂದಿನ ಕೌಂಟರಿನಾಕೆಯದು, ವಸ್ತು ಮಾತ್ರ ತಟ್ಟೆಯಲ್ಲಿ ಒಳಗೆ ಬರುತ್ತಿತ್ತು.

ಅಂದು ಬಂದದ್ದು ಅಂಗೈಗಿಂತ ತುಸು ದೊಡ್ಡದಾದ ಮಣಿಪರ್ಸು. ಸಾಸಿವೆಗಿಂತ ಸಣ್ಣ ಗಾಜಿನ ಮಣಿಗಳು, ಕಡುನೀಲಿಯ ಮೇಲೆ ಹಬ್ಬಿದ ಗುಲಾಬಿ ಬಳ್ಳಿ, ಬೆಳ್ಳಿಯ ಬಾಯಿ, ತೆಳುವಾದ ಸರಪಳಿ. ಅವಳು ಅದನ್ನು ಮೊದಲು ಕೆನ್ನೆಗೆ ಒತ್ತಿಕೊಂಡಳು. ಪ್ಲಾಸ್ಟಿಕ್ಕಾದರೆ ಬೆಚ್ಚಗಿರುತ್ತದೆ, ಇದು ತಣ್ಣಗಿತ್ತು. ಮಣಿಗಳನ್ನು ಬಟ್ಟೆಯ ಮೇಲೆ ಹೊಲಿದಿರಲಿಲ್ಲ, ದಾರಕ್ಕೆ ಪೋಣಿಸಿಕೊಂಡು ಹೆಣೆದಿದ್ದರು. ಇಷ್ಟು ಸಣ್ಣ ಮಣಿ ಈಗ ಯಾರೂ ಮಾಡುವುದಿಲ್ಲ. ಒಳಗಿನ ರೇಷ್ಮೆ ಮೊದಲಿನದೇ, ಒಂದು ತೂತೂ ಇಲ್ಲ. ಒಳ್ಳೆಯ ಬೆಲೆಯ ವಸ್ತು ಎಂದುಕೊಳ್ಳುತ್ತ ಭೂತಗನ್ನಡಿ ಹಿಡಿದವಳು ಕೆಳಗಿನ ಎಲೆಯ ಹತ್ತಿರ ನಿಂತುಬಿಟ್ಟಳು. ಅಲ್ಲಿ ಬೆರಳಗಲದಷ್ಟು ಕಡೆ ನೀಲಿ ದಾರದ ಬದಲು ಕಂದು ದಾರವಿತ್ತು. ಕೊನೆಯಲ್ಲಿ ಎರಡು ಸಲ ಹಿಂದಕ್ಕೆ ಸುತ್ತಿ ಎಳೆದ ಗಂಟು.

ಆ ಗಂಟು ಅವಳದೇ.

ಮದುವೆಯಾದ ಎರಡನೇ ವರ್ಷಕ್ಕೇ ಗಂಡ ತೀರಿಕೊಂಡಿದ್ದ. ಆಮೇಲೂ ಅವಳು ಅತ್ತೆಯ ಮನೆಯಲ್ಲೇ ಇದ್ದಳು. ಒಂದು ದಿನ ಅತ್ತೆ ಎಲ್ಲಿಗೋ ಹೊರಡುವ ಅವಸರದಲ್ಲಿ, ಮಣಿ ಉದುರುತ್ತಿದ್ದ ಪರ್ಸನ್ನು ಅವಳ ಮಡಿಲಿಗೆ ಹಾಕಿದ್ದರು. ಕೈಗೆ ಸಿಕ್ಕಿದ್ದು ಕಂದು ದಾರ, ಅದರಲ್ಲೇ ಹೊಲಿದು ಕೊಟ್ಟಿದ್ದಳು. ಅದೇ ವಾರ ಪರ್ಸು ಕಾಣೆಯಾಯಿತು. "ಮೊನ್ನೆ ಅದನ್ನ ಇಟ್ಕೊಂಡು ಕೂತಿದ್ದೋಳು ಅವಳೇ ಅಲ್ವಾ ಅತ್ತೆ" ಎಂದವಳು ಗಲ್ಲದ ಮೇಲೆ ಮಚ್ಚೆಯಿದ್ದ ಓರಗಿತ್ತಿ, ಮನೆಯ ಹಿರಿಸೊಸೆ. ಅತ್ತೆ ಕಿರಿಸೊಸೆಯ ಟ್ರಂಕನ್ನು ನಡುಮನೆಗೆ ಎಳೆತರಿಸಿ, ಭಾವನೂ ಅಕ್ಕಪಕ್ಕದವರೂ ನೋಡುತ್ತಿರುವಾಗಲೇ ಒಳಬಟ್ಟೆಗಳ ಸಮೇತ ನೆಲಕ್ಕೆ ಸುರಿದರು. ಏನೂ ಸಿಗಲಿಲ್ಲ. "ಹಾಗಾದ್ರೆ ಮಾರ್ಕೊಂಡಿದ್ದಾಳೆ" ಎಂದಳು ಓರಗಿತ್ತಿ. ಸಂಜೆಯೊಳಗೆ ಅವಳು ಬೀದಿಯಲ್ಲಿದ್ದಳು.

ಸೂಜಿಯಮ್ಮ ಕೌಂಟರಿನಾಕೆಯನ್ನು ಕರೆದಳು. "ಇದನ್ನ ತಂದವರು ಯಾರು?"

"ಗಲ್ಲದ ಮೇಲೆ ಮಚ್ಚೆ ಇರೋ ಒಬ್ಬ ಹೆಂಗಸು. ತವರುಮನೆ ವಸ್ತುವಂತೆ. ಮನೆಗೆ ಫೋನ್ ಮಾಡ್ಬೇಡಿ, ನನ್ನ ಮೊಬೈಲಿಗೇ ಮಾಡಿ ಅಂತ ಹತ್ತು ಸಲ ಹೇಳಿದ್ರು. ನಂಗೂ ಕಿವಿ ನೆಟ್ಟಗಾಯ್ತು."

ಮೇಜಿನ ಮೇಲೆ ಕತ್ತರಿಯಿತ್ತು. ಒಂದು ದಾರ ಕತ್ತರಿಸಿದ್ದರೆ ಸಾಕು, ಬಳ್ಳಿಯೆಲ್ಲ ಉದುರಿಹೋಗುತ್ತಿತ್ತು. ನಕಲಿ ಎಂದು ಹೇಳಿ ವಾಪಸು ಕಳಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಅದರಿಂದ ಓರಗಿತ್ತಿಗೆ ಹೋಗುವುದು ಬರೀ ಹಣ. ಸೂಜಿಯಮ್ಮನಿಗೆ ಬೇಕಾಗಿದ್ದುದು ಅವಳ ಮುಖ.

"ಶನಿವಾರ ಸಭಾಂಗಣದಲ್ಲಿ ಬೆಲೆ ಹೇಳ್ತೀವಲ್ಲ, ಅಲ್ಲಿಗೆ ಬರೋಕೆ ಹೇಳು" ಎಂದಳು. "ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಅವರ ಬಾಯಲ್ಲೇ ಹೇಳಿದ್ರೆ ಬೆಲೆ ಏರುತ್ತೆ ಅನ್ನು." ಅದು ಸುಳ್ಳೇನಲ್ಲ. ಕೌಂಟರಿನಾಕೆ ಹೊರಗೆ ಹೋದ ಮೇಲೆ ಅವಳು ಎಂದೂ ಮರೆಯದ ಒಂದು ನಂಬರಿಗೆ ತಾನೇ ಫೋನ್ ಮಾಡಿದಳು. ಎತ್ತಿದವರು ಅತ್ತೆಯೇ. ದನಿ ನಡುಗುತ್ತಿತ್ತು, ಗತ್ತು ಮಾತ್ರ ಹಾಗೇ ಇತ್ತು. "ಹರಾಜು ಮಳಿಗೆಯಿಂದ ಮಾತಾಡ್ತಿದೀನಿ. ಶನಿವಾರ ನಿಮ್ಮ ಹಿರಿಸೊಸೆ ಒಂದು ಹಳೇ ವಸ್ತು ತೋರಿಸ್ತಿದ್ದಾರೆ. ಅವರಿಗೆ ಮೊದ್ಲೇ ಹೇಳ್ದೆ ಮನೆಯವರೂ ಬಂದ್ರೆ ಚೆನ್ನಾಗಿರುತ್ತೆ."

ಶನಿವಾರ ಸಭಾಂಗಣ ಕೊಳ್ಳುವವರಿಂದಲೂ ಸುಮ್ಮನೆ ನೋಡಬಂದವರಿಂದಲೂ ತುಂಬಿತ್ತು. ಓರಗಿತ್ತಿ ಇಸ್ತ್ರಿ ಮುರಿಯದ ಉಡುಪಿನಲ್ಲಿ ಮೈಕಿನ ಮುಂದೆ ಕೂತಿದ್ದಳು. ಹಿಂದಿನ ಬಾಗಿಲಿನಿಂದ ಭಾವ ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದದ್ದು ಅವಳಿಗೆ ಕಾಣಲಿಲ್ಲ. ಪರದೆಯ ಮರೆಯಲ್ಲಿದ್ದ ಸೂಜಿಯಮ್ಮನಿಗೆ ಕಂಡಿತು.

"ಇದು ನಿಮಗೆ ಹೇಗೆ ಬಂತು?" ಹರಾಜುಗಾರ ಕೇಳಿದ.

"ನಮ್ಮಜ್ಜಿ ನಂಗೇ ಅಂತ ಕೊಟ್ಟಿದ್ದು. ಅವತ್ತಿಂದ ನನ್ನ ಬೀರು ಬಿಟ್ಟು ಆಚೆ ಹೋಗಿಲ್ಲ. ಬೇರೆಯವರ ಕೈ ತಾಗಿಲ್ಲ."

ಆಗ ಸೂಜಿಯಮ್ಮ ಹೊರಗೆ ಬಂದಳು. ಓರಗಿತ್ತಿಯ ಬಾಯಿ ಅರ್ಧ ತೆರೆದೇ ಉಳಿಯಿತು. ಸೂಜಿಯಮ್ಮ ಅವಳತ್ತ ತಿರುಗಲೂ ಇಲ್ಲ. ಪರ್ಸನ್ನು ಎತ್ತಿ ಹಿಡಿದು ಮಣಿ, ಹೆಣಿಗೆ, ಬೆಳ್ಳಿ ಒಂದೊಂದನ್ನೂ ಸಾವಕಾಶವಾಗಿ ವಿವರಿಸಿದಳು. ಬೆಲೆಯನ್ನೂ ಹೇಳಿದಳು. ಸಭೆಯಲ್ಲಿ ಗುಜುಗುಜು ಎದ್ದಿತು.

"ಒಂದು ಕಡೆ ರಿಪೇರಿ ಆಗಿದೆ" ಎಂದಳು ಆಮೇಲೆ. "ಇಲ್ಲಿ ಕಂದು ದಾರ ಇದೆ. ಹೊಲಿದೋಳು ನಾನೇ, ನಮ್ಮತ್ತೆ ಮನೇಲಿ. ಪರ್ಸು ಅವರದ್ದು. ಅದೇ ವಾರ ಕಳವಾಯ್ತು, ಕಳ್ಳಿ ಅಂತ ನನ್ನನ್ನ ಆಚೆ ಹಾಕಿದ್ರು. ಅವತ್ತಿಂದ ಇದು ಎಲ್ಲಿತ್ತು ಅಂತ ಇವರೇ ಈಗ ಹೇಳಿದ್ರಲ್ಲ."

"ಅದು... ಅಟ್ಟದಲ್ಲಿ ಸಿಕ್ತು" ಎಂದಳು ಓರಗಿತ್ತಿ.

"ಅಟ್ಟದಲ್ಲಿದ್ರೆ ಒಳಗಿನ ರೇಷ್ಮೆನ ಹುಳ ತಿಂದಿರೋದು."

ಗಾಲಿಕುರ್ಚಿ ಮುಂದೆ ಬಂತು. ಅತ್ತೆ ಕೈಚಾಚಿದರು. ಸೂಜಿಯಮ್ಮ ಪರ್ಸನ್ನು ಅವರ ತೊಡೆಯ ಮೇಲಿಟ್ಟಳು. ಅವರು ಕಂದು ದಾರವನ್ನು ಬೆರಳಿನಿಂದ ತಡವಿದರು, ಹಿರಿಸೊಸೆಯನ್ನು ನೋಡಿದರು. "ಇಷ್ಟು ವರ್ಷ ನಿನ್ನ ಕೈಯಡುಗೆ ಉಂಡೆನಲ್ಲೇ" ಎಂದರು. ಭಾವ ಹೆಂಡತಿಯ ಕಡೆ ನೋಡದೆ ಗೋಡೆ ನೋಡುತ್ತ ನಿಂತ. ಓರಗಿತ್ತಿ ಎದ್ದಳು. ಎರಡೂ ಕಡೆ ಕಾಲು ಮಡಚಿ ದಾರಿ ಬಿಟ್ಟವರ ನಡುವೆ, ಒಬ್ಬಳೇ, ಬಾಗಿಲವರೆಗೂ ನಡೆದು ಹೋದಳು. ಸೂಜಿಯಮ್ಮ ರೆಪ್ಪೆ ಮಿಟುಕಿಸದೆ ನೋಡಿದಳು.

ಅತ್ತೆ ಅವಳ ಕೈ ಹಿಡಿದುಕೊಂಡರು. "ನಂದೂ ತಪ್ಪಾಯ್ತು ಮಗಾ. ಮನೆಗೆ ಬಾ."

"ಟ್ರಂಕು ಸುರಿದ ಕೈ ಇದು" ಎಂದು ಸೂಜಿಯಮ್ಮ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಜೋಪಾನವಾಗಿ ಮನೆಗೆ ಹೋಗಿ."

ಅತ್ತೆ ಕಣ್ಣೀರಿಟ್ಟರು. ಅವಳು ಮುಂದಿನ ತಟ್ಟೆ ತರುವಂತೆ ಸನ್ನೆ ಮಾಡಿದಳು.

ಪರ್ಸು ಹರಾಜಾಗಲಿಲ್ಲ. ಕೌಂಟರಿನಾಕೆಯ ಅಕ್ಕ ಅತ್ತೆಯ ಮನೆಯ ಬೀದಿಯಲ್ಲೇ ಇದ್ದುದರಿಂದ ಸುದ್ದಿ ತಾನಾಗಿ ಬರುತ್ತಿತ್ತು. ಅತ್ತೆ ಬೀಗದ ಕೈಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದಾರಂತೆ, ಹಿರಿಸೊಸೆ ಬಡಿಸಿದ್ದನ್ನು ಮುಟ್ಟುವುದಿಲ್ಲವಂತೆ. ಭಾವ ಹೊರಗಿನ ಕೋಣೆಯಲ್ಲಿ ಮಲಗುತ್ತಾನಂತೆ. ಓರಗಿತ್ತಿ ಅಂಗಡಿಗೆ ಹೋದರೆ ಅಂಗಡಿಯವಳು ಗಲ್ಲಾಪೆಟ್ಟಿಗೆ ಮುಚ್ಚಿ ನಗುತ್ತಾಳಂತೆ.

ಸೂಜಿಯಮ್ಮನಿಗೆ ಒಳ್ಳೆಯ ನಿದ್ದೆ ಬರತೊಡಗಿತು. ಪಶ್ಚಾತ್ತಾಪವೆಂಬುದು ಅವಳ ಹತ್ತಿರ ಸುಳಿಯಲಿಲ್ಲ. ಆದರೆ ಬೆಳಿಗ್ಗೆ ಮಳಿಗೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೌಂಟರಿನ ಹತ್ತಿರ ನಿಲ್ಲುವಳು.

"ಮತ್ತೇನಾಯ್ತಂತೆ?"

"ಏನೂ ಇಲ್ಲ ಸೂಜಿಯಮ್ಮ, ನಿನ್ನೆ ಹೇಳಿದ್ದೇ."

"ಅದನ್ನೇ ಇನ್ನೊಂದ್ಸಲ ಹೇಳು" ಎನ್ನುವಳು ಅವಳು, ಸ್ಟೂಲು ಎಳೆದುಕೊಳ್ಳುತ್ತ.